ಮೂರನೆಯ ಕಲಮು

ಗೋಸ್ಪೋರ್ಟ್, ಜನವರಿ 12, 1848, ಬುಧವಾರ

ಗೆದ್ದೆ! ಬೆಳಗಿನ ಟಪಾಲಿನಲ್ಲಿ ಲಂಡನ್ನಿನಿಂದ ಕಾಗದ ಬಂದಿದೆ. ನೌಕಾದಳದ ಸುಧಾರಣೆಗೆಂದು ಕೂತ ಸಮಿತಿ ನನ್ನ ಪುಸ್ತಿಕೆಯ ಮೂರು ಕಲಮುಗಳನ್ನೂ ಒಂದಕ್ಷರ ಬದಲಿಸದೆ ಒಪ್ಪಿಕೊಂಡಿದೆಯಂತೆ. ಮೊದಲನೆಯದು, ಅರವತ್ತು ತುಂಬಿದ ಕ್ಯಾಪ್ಟನ್ ಆ ದಿನವೇ ನಿವೃತ್ತ. ಎರಡನೆಯದು, ಅವನು ಬಿಟ್ಟ ಜಾಗಕ್ಕೆ ಕೆಳಗಿನವರು ಏರಬೇಕು. ಮೂರನೆಯದು, ಲೆಫ್ಟಿನೆಂಟ್ ಪರೀಕ್ಷೆಯ ದಿನ ಕೊಟ್ಟ ದೀಕ್ಷಾಸ್ನಾನದ ಪತ್ರದಲ್ಲಿ ಯಾವ ತಾರೀಖು ಇದೆಯೋ ಅದೇ ಅವನು ಹುಟ್ಟಿದ ತಾರೀಖು. ಆಮೇಲೆ ಯಾರು ಎಲ್ಲಿಂದ ಯಾವ ಕಾಗದ ತಂದರೂ ಮುಟ್ಟಕೂಡದು.

ಈ ಮೂರನೆಯದರ ಮೇಲೆ ನನಗೆ ಮೋಹ ಹೆಚ್ಚು. ಅದಿಲ್ಲದಿದ್ದರೆ ಉಳಿದೆರಡೂ ದಂಡ. ನಮ್ಮ ಮುದುಕರನ್ನು ನಾನು ಬಲ್ಲೆ. ಅರವತ್ತು ಹತ್ತಿರ ಬಂತೆಂದರೆ ಒಬ್ಬನ ಊರಿನ ಚರ್ಚು ಸುಟ್ಟುಹೋಗಿರುತ್ತದೆ, ಇನ್ನೊಬ್ಬನ ಪಾದ್ರಿ ಕುಡಿದ ಅಮಲಿನಲ್ಲಿ ತಪ್ಪು ಇಸವಿ ಬರೆದಿರುತ್ತಾನೆ, ಎಪ್ಪತ್ತರವನು ನೋಡನೋಡುತ್ತ ಐವತ್ತೊಂಬತ್ತಾಗಿಬಿಡುತ್ತಾನೆ. ಆ ಬಾಗಿಲಿಗೆ ನಾನೇ ಮೊಳೆ ಹೊಡೆದಿದ್ದೇನೆ.

ಇಷ್ಟು ಕಾಲ ಏನಾಗಿತ್ತು? ಒಮ್ಮೆ ಕ್ಯಾಪ್ಟನ್ನರ ಪಟ್ಟಿಗೆ ಸೇರಿದವನು ಸಾಯುವವರೆಗೂ ಅಲ್ಲೇ. ಮೇಲಿನವನು ಸತ್ತರೆ ಇವನು ಒಂದು ಮೆಟ್ಟಿಲು ಮೇಲೆ. ಯೋಗ್ಯತೆ ಬೇಡ, ಉಸಿರಾಡುತ್ತಿದ್ದರೆ ಸಾಕು. ಮೂರು ತಿಂಗಳಿಗೊಮ್ಮೆ ಹೊಸ ಪಟ್ಟಿ ಬಂದಾಗ ಹಡಗಿಲ್ಲದೆ ಅರ್ಧ ಸಂಬಳದ ಮೇಲೆ ಕೂತ ಕ್ಯಾಪ್ಟನ್ನರ ಈ ಬೀದಿಯ ಮನೆಗಳಲ್ಲೆಲ್ಲ ಮೊದಲು ಹುಡುಕುವುದು ಸತ್ತವರ ಹೆಸರನ್ನೇ. ನಾನೂ ಹುಡುಕುತ್ತೇನೆ. ರೂಲುಪಟ್ಟಿ ಇಟ್ಟು ಕೆಂಪು ಗೆರೆ ಎಳೆದು, ಆಮೇಲೆ ವಿಧವೆಗೆ ಸಂತಾಪದ ಕಾಗದ ಬರೆಯುತ್ತೇನೆ. ಹೇಸಿಗೆಯ ಕೆಲಸ. ಹನ್ನೊಂದು ವರ್ಷದಿಂದ ಹಡಗಿಲ್ಲದೆ ದಡದ ಮೇಲೆ ಕೂತು ಇದನ್ನೇ ಮಾಡಿದ್ದೇನೆ.

ಮಧ್ಯಾಹ್ನ ಪೋರ್ಟ್ಸ್‌ಮತ್‌ಗೆ ದಾಟುವ ದೋಣಿಯಲ್ಲಿ ಗಿಡಿಯನ್ ರಾಶ್ಲಿ ಸಿಕ್ಕ. ನಮ್ಮ ಮನೆಯಿಂದ ಮೂರನೆಯ ಬಾಗಿಲು. ಎಪ್ಪತ್ತನಾಲ್ಕು ವರ್ಷ, ಎಡಗಿವಿ ಕೇಳಿಸದು, ಕೊನೆಯ ಬಾರಿ ಹಡಗು ಹತ್ತಿದ್ದು ಫ್ರೆಂಚರ ಯುದ್ಧದಲ್ಲಿ. ಇವತ್ತಿಗೂ ಕ್ಯಾಪ್ಟನ್ ರಾಶ್ಲಿ.

“ಏನಯ್ಯಾ ಟ್ರೆಲೀವನ್, ನನ್ನ ಜೀವಂತ ಹೂಳೋಕೆ ಗುಂಡಿ ತೋಡಿದ್ದೀಯಂತೆ?” ಎಂದು ದೋಣಿಯ ಜನವೆಲ್ಲ ತಿರುಗಿ ನೋಡುವಂತೆ ಕೂಗಿದ.

“ಗುಂಡಿ ಅಲ್ಲ ಮಾರಾಯ, ಆರಾಮ ಕುರ್ಚಿ. ಬೆಂಕಿ ಮುಂದೆ ಹಾಕ್ಕೊಂಡು ಕೂತ್ಕೋ.”

“ನಂಗಿಂತ ಮೇಲೆ ಇನ್ನು ಒಂಬತ್ತೇ ಜನ ಇರೋದು! ಒಂಬತ್ತು ಜನ ಹೋದ್ರೆ ನಾನು ಅಡ್ಮಿರಲ್ ಕಣಯ್ಯ! ಅದ್ರಲ್ಲಿ ನಾಲ್ಕು ಜನಕ್ಕೆ ಆಗ್ಲೇ ಉಬ್ಬಸ!”

ಅವನ ಕಣ್ಣಲ್ಲಿ ನೀರು ಬಂದಿತ್ತು. ಚಳಿಗೆ ಇರಬೇಕು. ನನಗೆ ನಗು ತಡೆಯಲಾಗಲಿಲ್ಲ.

ಜನವರಿ 27, ಗುರುವಾರ

ಹಡಗು! ನನಗೆ ಹಡಗು! ಜೂನ್ ತಿಂಗಳಲ್ಲಿ ‘ಸ್ಟೆಡ್‌ಫಾಸ್ಟ್’ ನನ್ನ ವಶಕ್ಕೆ. ಹಬೆಯಂತ್ರದ ಹೊಸ ಫ್ರಿಗೇಟು, ಮುನ್ನೂರು ಜನ, ಆಫ್ರಿಕದ ಪಶ್ಚಿಮ ತೀರದಲ್ಲಿ ಗುಲಾಮರ ಹಡಗುಗಳನ್ನು ಹಿಡಿಯುವ ಕೆಲಸ. ‘ಸುಧಾರಣೆಯ ಮಾತಾಡಿದವರು ಮಾಡಿಯೂ ತೋರಿಸಲಿ’ ಎಂದು ನೌಕಾ ಮಂಡಳಿಯವರು ಬರೆದಿದ್ದಾರೆ. ತೋರಿಸುತ್ತೇನೆ. ಬಾರುಕೋಲಿಲ್ಲದೆ ಹಡಗು ನಡೆಸಿ ತೋರಿಸುತ್ತೇನೆ. ಅಡುಗೆಮನೆಗೆ ಓಡಿಹೋಗಿ ಅಕ್ಕನನ್ನು ಎರಡು ಸುತ್ತು ತಿರುಗಿಸಿದೆ. ಅರವತ್ತನಾಲ್ಕರ ಹೆಂಗಸು, ಹಿಟ್ಟಿನ ಕೈಯಲ್ಲೇ ನನ್ನ ಬೆನ್ನಿಗೆ ಒಂದು ಗುದ್ದಿದಳು.

ಆಲ್ಬನ್ ವಿಯರ್‌ಗೆ ಹೇಳಿಕಳಿಸಿದೆ. ನನ್ನ ಹಿಂದಿನ ಹಡಗಿನಲ್ಲಿದ್ದವನು. ಅವನೇ ನನಗೆ ಫಸ್ಟ್ ಲೆಫ್ಟಿನೆಂಟ್ ಆಗಿ ಬೇಕೆಂದು ಕೇಳಿಕೊಂಡಿದ್ದೇನೆ. ನಲವತ್ತೊಂದು ವರ್ಷ, ತಲೆಯೆಲ್ಲ ನರೆತಿದೆ, ಹತ್ತೊಂಬತ್ತು ವರ್ಷದಿಂದ ಬರೀ ಲೆಫ್ಟಿನೆಂಟ್. ನನ್ನ ಪುಸ್ತಿಕೆ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಇವನ ಮುಖವೇ.

“ಸರ್, ನಿಮ್ಮ ಕಲಮು ಜಾರಿಗೆ ಬಂದ್ರೆ ನಲವತ್ತು ಜನಕ್ಕೆ ಬಡ್ತಿ ಅಂತೆ. ನಂದು ಇಪ್ಪತ್ತೆಂಟನೇ ಹೆಸರು,” ಎಂದ. ಅಕ್ಕ ಬಡಿಸಿದ ಮೀನಿನ ಪೈಯನ್ನು ಮುಟ್ಟಿಯೇ ಇರಲಿಲ್ಲ.

“ತಿನ್ನಪ್ಪ ಮೊದಲು. ಆಮೇಲೆ ಕಮ್ಯಾಂಡರ್ ಆಗು,” ಎಂದಳು ಅಕ್ಕ. “ಆ ಹಾರ್ಕರ್ ಹುಡುಗಿ ಇನ್ನೂ ಕಾಯ್ತಿದ್ದಾಳಾ?”

“ಒಂಬತ್ತು ವರ್ಷ ಆಯ್ತಮ್ಮ. ಕಮ್ಯಾಂಡರ್ ಆಗೋವರೆಗೂ ಮದುವೆ ಮಾತು ಎತ್ಬೇಡ ಅಂತ ಅವರಪ್ಪ ಹೇಳ್ಬಿಟ್ಟಿದ್ದಾರೆ.”

ಹೊರಡುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಂಥ ಸ್ವಭಾವದವನಲ್ಲ.

ಜನವರಿ 28

ಊರಿನ ಪಾದ್ರಿಗೆ ಈಗಷ್ಟೇ ಕಾಗದ ಬರೆದು ಟಪಾಲಿಗೆ ಹಾಕಿದೆ.

ಅಕ್ಕ ಕಿಟಕಿಯ ಬಳಿ ನನ್ನ ನೀಲಿ ಕೋಟನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು: “ಪಾಸ್ಕೋ, ಲಂಡನ್ನಿನವರ ಲೆಕ್ಕದಲ್ಲಿ ನಿಂಗೆಷ್ಟೋ ವಯಸ್ಸು?”

“ಐವತ್ತಾರು. ಇನ್ನೆಷ್ಟು?”

“ಅದು ನಿನ್ನ ವಯಸ್ಸು. ನೀನು ಅವ್ರಿಗೆ ಕೊಟ್ಟಿರೋದು ಅವನದಲ್ವೇನೋ?”

ನಲವತ್ತು ವರ್ಷದಲ್ಲಿ ಒಮ್ಮೆಯೂ ನೆನಪಾಗದಿದ್ದ ಸಂಗತಿ. ನನಗಿಂತ ಮೊದಲು ನಮ್ಮಮ್ಮನಿಗೆ ಇನ್ನೊಬ್ಬ ಪಾಸ್ಕೋ ಹುಟ್ಟಿ ಸತ್ತಿದ್ದ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ನಮ್ಮ ಕಾರ್ನ್‌ವಾಲಿನ ಊರುಗಳಲ್ಲಿ ವಾಡಿಕೆ. 1808ರಲ್ಲಿ ನಾನು ಲೆಫ್ಟಿನೆಂಟ್ ಪರೀಕ್ಷೆಗೆ ಕೂತಾಗ ನನಗೆ ಹದಿನಾರು. ಕಾನೂನಿಗೆ ಹತ್ತೊಂಬತ್ತು ಬೇಕಿತ್ತು. ಹಡಗು ಬಂದರಿನಲ್ಲಿ ಇದ್ದದ್ದು ಎಂಟು ದಿನ. ಅಮ್ಮನಿಗೆ ಬರೆದೆ. ಅವಳು ಪಾದ್ರಿಯ ಬಳಿ ಹೋದಳು, ಪಾದ್ರಿ ರಿಜಿಸ್ಟರಿನಲ್ಲಿದ್ದ ಮೊದಲ ಪಾಸ್ಕೋನ ಪುಟವನ್ನು ನಕಲು ಮಾಡಿ ಸಹಿ ಹಾಕಿ ಕೊಟ್ಟ, ಏನೂ ಕೇಳಲಿಲ್ಲ. ನಮ್ಮೂರಿನಲ್ಲಿ ಹಾಗೆ ಪಾಸಾದವನು ನಾನೊಬ್ಬನೇ ಅಲ್ಲ. ಕಳ್ಳ ಪತ್ರವೂ ಅಲ್ಲ ಅದು, ಬೇರೆ ಮಗುವಿನದು, ಅಷ್ಟೆ.

ಆ ಮಗು ಹುಟ್ಟಿದ್ದು 1788ರ ಮೇ ಮೂರನೇ ತಾರೀಖು. ಬರುವ ಮೇ ಮೂರಕ್ಕೆ ನನಗೆ ಅರವತ್ತು. ಹಡಗು ಜೂನಿನಲ್ಲಿ.

ಫೆಬ್ರವರಿ 15

ಊರಿನ ಈಗಿನ ಪಾದ್ರಿಯಿಂದ ಉತ್ತರ ಬಂತು. ಒಳ್ಳೆಯ ಮನುಷ್ಯ, ಎಲ್ಲವನ್ನೂ ನಕಲು ಮಾಡಿ ಕಳಿಸಿದ್ದಾನೆ. ಪಾಸ್ಕೋ ಟ್ರೆಲೀವನ್, ದೀಕ್ಷಾಸ್ನಾನ ಮೇ 1788. ಪಾಸ್ಕೋ ಟ್ರೆಲೀವನ್, ಸಮಾಧಿ ಅಕ್ಟೋಬರ್ 1790. ಪಾಸ್ಕೋ ಟ್ರೆಲೀವನ್, ದೀಕ್ಷಾಸ್ನಾನ ಸೆಪ್ಟೆಂಬರ್ 1791. ಕಡೆಯವನು ನಾನು. ಇಷ್ಟು ಸ್ಪಷ್ಟವಾದ ಸಾಕ್ಷಿ ಇಂಗ್ಲೆಂಡಿನಲ್ಲಿ ಯಾರ ಬಳಿಯೂ ಇರಲಾರದು.

ಆದರೇನು? ಆಮೇಲೆ ಯಾರು ಯಾವ ಕಾಗದ ತಂದರೂ ಮುಟ್ಟಕೂಡದು. ಬರೆದವನು ನಾನು. ಬೋನನ್ನು ಕಟ್ಟಿದವನೂ ನಾನೇ, ಒಳಗಿರುವವನೂ ನಾನೇ. ಥೂ!

ಫೆಬ್ರವರಿ 22, ಲಂಡನ್

ಹೋಗಿ ನೇರ ಹೇಳಿಬಿಡೋಣ ಎಂದೇ ರೈಲು ಹತ್ತಿದ್ದು. ಮಂಡಳಿಯ ಕಾರ್ಯದರ್ಶಿ ಮೂವತ್ತೈದು ದಾಟದ ಚುರುಕು ಮನುಷ್ಯ. ಕೋಣೆಯ ಹೊರಗಿನ ಬೆಂಚಿನ ಮೇಲೆ ನಾಲ್ಕು ಜನ ಮುದಿ ಕ್ಯಾಪ್ಟನ್ನರು ಕೂತಿದ್ದರು, ಒಬ್ಬೊಬ್ಬನ ತೊಡೆಯ ಮೇಲೂ ಒಂದೊಂದು ಹಳದಿ ಕಾಗದ. ನನ್ನನ್ನು ಅವರಿಗಿಂತ ಮೊದಲು ಒಳಗೆ ಕರೆದರು.

“ಬನ್ನಿ, ಬನ್ನಿ ಕ್ಯಾಪ್ಟನ್ ಟ್ರೆಲೀವನ್. ನಿಮ್ಮ ಮೂರನೇ ಕಲಮು ಇದೆಯಲ್ಲ, ನಮ್ಮ ಪಾಲಿಗೆ ಕೋಟೆ ಗೋಡೆ! ನಿನ್ನೆ ಒಬ್ಬರು ಬಂದಿದ್ರು, ಅವರಮ್ಮನಿಗೆ ಇಸವಿ ಮರ್ತುಹೋಗಿತ್ತಂತೆ. ಅದನ್ನೇ ತೋರಿಸಿ ಮನೆಗೆ ಕಳಿಸ್ದೆ.” ಹೊಟ್ಟೆ ಹಿಡಿದುಕೊಂಡು ನಕ್ಕ. “ತಾವು ಏನೋ ಹೇಳ್ಬೇಕು ಅಂತ ಬಂದಿದ್ರಿ?”

ಪಾದ್ರಿಯ ಕಾಗದ ನನ್ನ ಎದೆಯ ಜೇಬಿನಲ್ಲಿತ್ತು.

“ಏನಿಲ್ಲ, ಹಡಗಿನ ಬಾಯ್ಲರಿನ ವಿಚಾರ,” ಎಂದೆ. ಅರ್ಧ ಗಂಟೆ ಬಾಯ್ಲರಿನ ಬಗ್ಗೆ ಮಾತಾಡಿ ಹೊರಬಂದೆ. ಬೆಂಚಿನ ಮೇಲಿನವರ ಮುಖ ನೋಡಲಾಗದೆ ಸರಸರನೆ ಮೆಟ್ಟಿಲಿಳಿದೆ.

ಮಾರ್ಚ್ 9

ನಾಲ್ಕನೆಯ ಕಲಮು ಒಂದನ್ನು ಬರೆದೆ. ‘ನಿಜಕ್ಕೂ ಯೋಗ್ಯರಾದ ಕೆಲವರ ವಿಷಯದಲ್ಲಿ ಮಂಡಳಿ ತನ್ನ ವಿವೇಚನೆಯಂತೆ…’ ಓದಿದೆ. ರಾಶ್ಲಿ ಬರೆದಂತಿತ್ತು. ಹರಿದು ಒಲೆಗೆ ಹಾಕಿದೆ.

ಮಾರ್ಚ್ 10

ಮತ್ತೆ ಬರೆದೆ. ಈ ಸಲ ಅಷ್ಟು ಕೆಟ್ಟದಾಗಿಲ್ಲ.

ಮಾರ್ಚ್ 20, ಸೋಮವಾರ

ಕೋಟೆಯ ಗೋಡೆಯ ಮೇಲೆ ತಿರುಗಾಡುತ್ತಿದ್ದೆ. ‘ಸ್ಟೆಡ್‌ಫಾಸ್ಟ್’ಗೆ ಇವತ್ತು ಹಾಯಿಕಂಬಗಳನ್ನು ನಿಲ್ಲಿಸುತ್ತಿದ್ದರು. ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ದಿನಾ ಹೋಗಿ ನೋಡುತ್ತೇನೆ. ಹತ್ತುವಂತಿಲ್ಲ, ಮುಟ್ಟುವಂತಿಲ್ಲ, ಗಾಜಿನ ಆಚೆಯ ತಿಂಡಿಯನ್ನು ನೋಡುವ ಮಗುವಿನ ಹಾಗೆ ನೋಡುವುದು. ಹಿಂದಿನಿಂದ ರಾಶ್ಲಿಯ ಕೋಲಿನ ಸದ್ದು.

“ಯಾಕೋ ಮುಖ ಬಾಡಿದೆಯಲ್ಲ ಸುಧಾರಕರದು. ಯಾವ ವರ್ಷದ್ದು ನಿನ್ನ ಪರೀಕ್ಷೆ? ಎಂಟನೇ ಇಸವಿ ಅಲ್ವಾ? ಆಗ ಎಷ್ಟು ಅಂತ ಬರೆಸಿದ್ದೆ?”

ನಾನು ಹಡಗಿನ ಕಡೆಗೆ ತಿರುಗಿಕೊಂಡೆ. ಅವನು ಕೋಲಿನ ಮೇಲೆ ಬಾಗಿ ನನ್ನ ಮುಖವನ್ನೇ ನೋಡಿದ. ಆಮೇಲೆ ಬಾಯಿ ತೆರೆದುಕೊಂಡಿತು. “ಅಯ್ಯೋ ದೇವರೇ! ನೀನೂನಾ? ಅಯ್ಯೋ, ಅಯ್ಯೋ!” ಎಂದು ನಗಲು ಶುರುಮಾಡಿದವನು ಕೆಮ್ಮು ಬಂದು ಗೋಡೆ ಹಿಡಿದು ನಿಲ್ಲಬೇಕಾಯಿತು. ಅವನ ಬೆನ್ನು ತಟ್ಟಿದೆ, ಇನ್ನೇನು ಮಾಡಲಿ?

ಸುಧಾರಿಸಿಕೊಂಡು ಹೇಳಿದ: “ನೋಡು, ನಾವು ಹದಿನೈದು ಜನ ಸೇರಿ ಮಂಡಳಿಗೆ ಒಂದು ಅರ್ಜಿ ಬರೆದಿದ್ದೀವಿ. ಮೂರನೇ ಕಲಮು ತೆಗೀರಿ, ಚರ್ಚಿನ ಪತ್ರ ತಂದ್ರೆ ನೋಡಿ ಅಂತ. ಬರೀ ನಮ್ಮ ಹೆಸರಿದ್ರೆ ಕಸದ ಬುಟ್ಟಿಗೆ ಹೋಗತ್ತೆ. ಬರೆದವನೇ ಸಹಿ ಹಾಕಿದ್ರೆ?”

“ಹಾಕಿದರೆ ನೀವು ಹದಿನೈದು ಜನವೂ ಸಾಯೋವರೆಗೂ ಕೂತಿರ್ತೀರಿ.”

“ಹೂಂ. ಮತ್ತೆ ನೀನು ಹಡಗಿನ ಮೇಲಿರ್ತೀಯ,” ಎಂದ.

ಛೀ ಎಂದು ಬೆನ್ನು ತಿರುಗಿಸಿ ಬಂದೆ. ಈ ದಿನಚರಿಯಲ್ಲಿ ಬರೆದಿಡುತ್ತೇನೆ: ನಾನು ಸಹಿ ಹಾಕುವುದಿಲ್ಲ.

ಮಾರ್ಚ್ 31

ವಿಯರ್ ಬಂದಿದ್ದ. ಮನೆಯಲ್ಲಿಲ್ಲ ಎಂದು ಅಕ್ಕನಿಂದ ಹೇಳಿಸಿದೆ. ಅವಳು ಬಾಗಿಲಲ್ಲಿ ನಿಂತು, “ಇಲ್ಲವಂತಪ್ಪ,” ಎಂದಳು. ಬೇಕೆಂದೇ ಹಾಗೆ ಹೇಳಿದಳು. ಮಹಡಿಯ ಕಿಟಕಿಯಿಂದ ನೋಡಿದೆ, ಅವನು ಬೀದಿಯ ಕೊನೆಯವರೆಗೂ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋದ.

ಏಪ್ರಿಲ್ 6

ಹಡಗಿಗೆ ಬಣ್ಣ ಬಳಿಯುತ್ತಿದ್ದಾರೆ.

ಏಪ್ರಿಲ್ 11, ಮಂಗಳವಾರ

ಇವತ್ತು ಸಾವಧಾನವಾಗಿ ಕೂತು ಯೋಚಿಸಿದೆ. ಕಲಮು ಇರುವುದು ಸತ್ಯಕ್ಕಾಗಿ. ಸತ್ಯವೇನು? ನನಗೆ ಐವತ್ತಾರು. ನನ್ನನ್ನು ಅರವತ್ತು ಎನ್ನುವ ಕಲಮು ಸುಳ್ಳನ್ನು ಕಾಯುತ್ತಿದೆ. ಸುಳ್ಳನ್ನು ಕಾಯುವ ನಿಯಮವನ್ನು ತೆಗೆಯಿರಿ ಎನ್ನುವುದು ಸುಧಾರಣೆಯಲ್ಲದೆ ಮತ್ತೇನು? ಇನ್ನು ಆ ಹದಿನೈದು ಜನರ ಮಾತು. ಅನುಭವಕ್ಕೂ ಒಂದು ಬೆಲೆ ಇದೆ. ರಾಶ್ಲಿ ಹಿಂದೊಮ್ಮೆ ಬಿರುಗಾಳಿಯಲ್ಲಿ ಹಾಯಿಕಂಬ ಮುರಿದ ಹಡಗನ್ನು ಒಬ್ಬನೂ ಸಾಯದಂತೆ ಬಂದರಿಗೆ ತಂದವನು. ನನ್ನ ಪುಸ್ತಿಕೆಯಲ್ಲಿ ಇಂಥವರ ಬಗ್ಗೆ ಸ್ವಲ್ಪ ಹೆಚ್ಚೇ ಹಗುರವಾಗಿ ಬರೆದೆನೇನೋ. ಹಡಗು ಸಿಕ್ಕರೆ ನೂರಾರು ಗುಲಾಮರು ಬಿಡುಗಡೆಯಾಗುತ್ತಾರೆ. ಒಬ್ಬ ವಿಯರ್‌ನ ಬಡ್ತಿ ದೊಡ್ಡದೋ, ಅದು ದೊಡ್ಡದೋ?

ಊಟವಾದ ಮೇಲೆ ಮೂರು ಬಾಗಿಲು ದಾಟಿ ಹೋಗಿ ಸಹಿ ಹಾಕಿ ಬಂದೆ. ರಾಶ್ಲಿ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಮಸಿ ಆರಲೆಂದು ಕಾಗದವನ್ನು ಎತ್ತಿ ಹಿಡಿದು, “ಹಾಕಲ್ಲ ಅಂದ್ಕೊಂಡಿದ್ದೆ ಕಣೋ,” ಎಂದ. ಸ್ವಲ್ಪ ಬೇಜಾರಿನಲ್ಲಿ ಹೇಳಿದಂತಿತ್ತು. ಮುದುಕರ ಮನಸ್ಸು ಯಾರಿಗೆ ತಿಳಿಯುತ್ತದೆ?

ಏಪ್ರಿಲ್ 28

ಕಲಮು ಬಿತ್ತು! ‘ಕರ್ತೃವೇ ಹಿಂತೆಗೆದುಕೊಂಡಿರುವುದರಿಂದ’ ಎಂದು ಮಂಡಳಿಯವರು ಬರೆದಿದ್ದಾರೆ. ಆ ಮಾತು ಚುಚ್ಚಿತು, ಪರವಾಗಿಲ್ಲ. ಪರೀಕ್ಷೆಯ ಹಳೆಯ ಪತ್ರದ ಬಗ್ಗೆ ಒಂದು ಸಾಲಿನ ಛೀಮಾರಿ ನನ್ನ ಹೆಸರಿನ ಮುಂದೆ ಬೀಳುತ್ತದಂತೆ, ಅದೂ ಪರವಾಗಿಲ್ಲ. ಇನ್ನು ಒಂದೇ ಒಂದು ಬಾಕಿ. ಮೊದಲ ಮಗು ಸತ್ತಿದೆಯೆಂದು ತಿಳಿದ ಒಬ್ಬರು ಬದುಕಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಬೇಕು. ಮೇ ಮೂರರ ಒಳಗೆ. ಬದುಕಿರುವವಳು ಅಕ್ಕ ಒಬ್ಬಳೇ.

ಹೇಳಿದೆ. ಅವಳು ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅವನು ಸತ್ತ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?”

“ಹೌದು ಅಂದ್ರೆ ಸಾಕಕ್ಕ, ಒಂದೇ ಮಾತು.”

“ಐವತ್ತೆಂಟು ವರ್ಷದಲ್ಲಿ ಯಾರೂ ನನ್ನ ಕೇಳಿಲ್ಲ ಅದನ್ನ,” ಎಂದಳು. ಆಮೇಲೆ, “ನೀನು ಪರೀಕ್ಷೆ ಪಾಸಾದಾಗ ಅಮ್ಮ ಏನಂದ್ಲು ಗೊತ್ತಾ? ‘ನನ್ನ ಮೊದಲನೇ ಮಗನೂ ಲೆಫ್ಟಿನೆಂಟ್ ಆದ’ ಅಂತ ಅತ್ತಿದ್ಲು. ನೀನು ಕ್ಯಾಪ್ಟನ್ ಆದಾಗ್ಲೂ ನಾನು ಹಾಗೇ ಅಂದ್ಕೊಂಡೆ. ಕಾಗದದಲ್ಲಾದ್ರೂ ಅವನು ಬೆಳೀತಾ ಇದ್ದ ಕಣೋ.”

ಹೆಂಗಸರು ಎಲ್ಲವನ್ನೂ ಎಷ್ಟು ಕಷ್ಟ ಮಾಡಿಕೊಳ್ಳುತ್ತಾರೆ.

ಮೇ 2, ಮಂಗಳವಾರ

ಕೆಲಸ ಆಯಿತು. ಬೇಗ ಮುಗಿಯಬೇಕಿತ್ತು. ಮ್ಯಾಜಿಸ್ಟ್ರೇಟರು ಕೇಳಿದ್ದು ಒಂದೇ ಪ್ರಶ್ನೆ: “ಈ ಮಗು ಸತ್ತದ್ದು ನಿಮ್ಮ ಅರಿವಿಗೆ ಬಂದಿತ್ತೇ, ಅಮ್ಮಾ?” ಹೌದು ಎಂದರೆ ಮುಗಿಯುತ್ತಿತ್ತು. ಅಕ್ಕ ಬೈಬಲ್ಲಿನ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ.

“ಅಮ್ಮ ಮೀನಿಗೆ ಉಪ್ಪು ಹಾಕೋ ಮನೆಗೆ ಕೆಲಸಕ್ಕೆ ಹೋಗಿದ್ಲು ಸ್ವಾಮಿ. ಅವನಿಗೆ ಜ್ವರ. ನಂಗೆ ಆರು ವರ್ಷ, ನೋಡ್ಕೋ ಅಂತ ಬಿಟ್ಟು ಹೋಗಿದ್ಲು. ಕೆಳಗೆ ದಡದಲ್ಲಿ ಬಲೆ ಎಳೀತಿದ್ರು, ಜನ ಎಲ್ಲ ಕೂಗಾಡ್ತಿದ್ರು, ಅಷ್ಟು ಮೀನು. ನೀರು ಬೇಕು ಅಂದ. ಈಗ ಬಂದೆ ಅಂತ ಹೇಳಿ ನಾನು ಬಾಗಿಲಿಗೆ ಹೋದೆ, ಮೀನು ನೋಡೋಕೆ. ತುಂಬಾ ಹೊತ್ತೇನಲ್ಲ. ಬಂದಾಗ ನೀರಿನ ಲೋಟ ಹಿಡಿದು ಎಬ್ಬಿಸಿದೆ. ಎಬ್ಬಿಸ್ತಾನೇ ಇದ್ದೆ. ಅಮ್ಮ ಬರೋವರೆಗೂ. ಹೌದು ಸ್ವಾಮಿ, ನನ್ನ ಅರಿವಿಗೆ ಬಂದಿತ್ತು.”

ಗುಮಾಸ್ತ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದ. ಅವನಿಗೆ ನಾನೇ ನೆನಪಿಸಬೇಕಾಯಿತು, ಲಂಡನ್ನಿನ ಟಪಾಲು ನಾಲ್ಕು ಗಂಟೆಗೆ ಹೊರಡುತ್ತದೆ ಎಂದು. ಸರಿಯಾದ ಹೊತ್ತಿಗೆ ತಲುಪಿಸಿದೆವು. ದೇವರು ದೊಡ್ಡವನು!

ದೋಣಿಯಲ್ಲಿ ಮನೆಗೆ ಬರುವಾಗ ಅಕ್ಕ ಸ್ವಲ್ಪ ಅತ್ತಳು. ದಣಿದಿದ್ದಳು, ಪಾಪ.

ಮೇ 3

ಇವತ್ತು ನನಗೆ ಅರವತ್ತಲ್ಲ. ಕಾಫಿಯ ಜೊತೆ ಕೇಸರಿ ಹಾಕಿದ ಸಿಹಿ ಬನ್ನು ಇತ್ತು. “ಏನು ವಿಶೇಷ?” ಎಂದೆ ಅಕ್ಕನಿಗೆ.

“ಮೇ ಮೂರು. ಅವನು ಹುಟ್ಟಿದ ದಿನ. ಪ್ರತಿ ವರ್ಷಾನೂ ಮಾಡ್ತೀನಲ್ಲ.”

“ನನಗೆ ಹೇಳೇ ಇರಲಿಲ್ವಲ್ಲ?”

“ನೀನು ಕೇಳೇ ಇರಲಿಲ್ವಲ್ಲ.”

ಮೂರು ತಿಂದೆ. ಕೇಸರಿ ಸ್ವಲ್ಪ ಹೆಚ್ಚಾಗಿತ್ತು.

ಮೇ 24, ಬುಧವಾರ

ಬಡ್ತಿಯ ಪಟ್ಟಿ ಹೊರಬಿತ್ತು. ನಲವತ್ತರ ಬದಲು ಆರು. ಎಲ್ಲೆಲ್ಲೂ ಚರ್ಚಿನ ಪತ್ರಗಳು ಮೊಳೆತಿವೆಯಂತೆ. ರಾಶ್ಲಿಗೆ ಈಗ ಐವತ್ತೆಂಟು. ಆರರಲ್ಲಿ ವಿಯರ್ ಇಲ್ಲ, ಇಪ್ಪತ್ತೆಂಟನೆಯವನು ಹೇಗೆ ಇರುತ್ತಾನೆ? ನಾನು ಕೇಳಿಕೊಂಡಿದ್ದಂತೆ ನನ್ನ ಹಡಗಿಗೆ ಫಸ್ಟ್ ಲೆಫ್ಟಿನೆಂಟ್ ಆಗಿ ಹಾಕಿದ್ದಾರೆ. ಅಷ್ಟಾದರೂ ಮಾಡಿಕೊಟ್ಟೆನಲ್ಲ.

ಸಂಜೆ ಬಂದ. ಈ ಸಲ ನಾನೇ ಬಾಗಿಲು ತೆಗೆದೆ. ಕೂರು ಎಂದರೂ ಕೂರಲಿಲ್ಲ.

“ಅರ್ಜಿಯಲ್ಲಿ ನಿಮ್ಮ ಸಹಿ ಇತ್ತು ಅಂದ್ರು ಸರ್. ನಾನು ನಂಬಲಿಲ್ಲ. ಕಚೇರೀಲಿ ಒಬ್ಬನ ಜೊತೆ ಜಗಳ ಆಡಿದೆ.”

“ವಿಯರ್, ಇದನ್ನ ದೊಡ್ಡ ದೃಷ್ಟಿಯಿಂದ ನೋಡ್ಬೇಕು. ಇನ್ನು ಎರಡೇ ಎರಡು ವರ್ಷ—”

“ಮಿಸ್ ಹಾರ್ಕರ್‌ಗೆ ಮದುವೆ ಗೊತ್ತಾಯ್ತು ಸರ್. ಗಿರಣಿ ಯಜಮಾನರು ಒಬ್ರು,” ಎಂದ. ಆಮೇಲೆ ಬಾಯ್ಲರಿನ ಕಲ್ಲಿದ್ದಲಿನ ವಿಷಯ ವರದಿ ಒಪ್ಪಿಸಿ, ಸೆಲ್ಯೂಟ್ ಹೊಡೆದು ಹೋದ. ಕೆಲಸದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಆದರೆ ಈ ನಡುವಯಸ್ಸಿನವರಿಗೆ ತಾಳ್ಮೆ ಎಂಬುದೇ ಇಲ್ಲ. ನಾವು ಕಾಯಲಿಲ್ಲವೇ?

ಜೂನ್ 8

ಅಕ್ಕ ಊರಿಗೆ ಹೊರಟಿದ್ದಾಳೆ. ನಾನು ಸಮುದ್ರದಲ್ಲಿರುವಾಗ ಈ ಮನೆಯನ್ನು ನೋಡಿಕೊಳ್ಳುತ್ತಾಳೆ ಎಂದು ನಂಬಿದ್ದೆ. ಕೇಳಿದರೆ, ಚರ್ಚಿನ ಅಂಗಳದಲ್ಲಿ ಅವನಿಗೊಂದು ಕಲ್ಲು ಹಾಕಿಸಬೇಕಂತೆ. ಇಷ್ಟು ವರ್ಷ ಬರೀ ಹುಲ್ಲಿತ್ತು. ಕಲ್ಲುಕುಟಿಗನಿಗೆ ಆಗಲೇ ಬರೆದಿದ್ದಾಳೆ: ಪಾಸ್ಕೋ ಟ್ರೆಲೀವನ್, ಎರಡು ವರ್ಷ ಐದು ತಿಂಗಳು.

“ಅಕ್ಕ, ಸ್ವಲ್ಪ ಯೋಚನೆ ಮಾಡು. ನಾನು ಬದುಕಿರುವಾಗ್ಲೇ ನನ್ನ ಹೆಸರಿನ ಗೋರಿ ಕಲ್ಲು ನಿಲ್ಸಿದ್ರೆ ನೋಡಿದವರು ಏನಂತಾರೆ?”

ಗಂಟು ಕಟ್ಟುತ್ತಿದ್ದವಳು ತಲೆಯೆತ್ತಿದಳು. ಕೋಪವೇನೂ ಇರಲಿಲ್ಲ ಮುಖದಲ್ಲಿ. “ನಿನ್ನ ಹೆಸರಲ್ಲ ಕಣೋ ಅದು. ಅವನದು. ನಿಂಗೆ ಕೊಟ್ಟಿದ್ವಿ, ಅಷ್ಟೆ.”

ಗಾಡಿಯವರೆಗೆ ಪೆಟ್ಟಿಗೆ ಹೊತ್ತುಕೊಟ್ಟೆ. ಕೆನ್ನೆಗೆ ಮುತ್ತು ಕೊಟ್ಟಳು. ಹುಷಾರು ಎಂದಳು. ಹೆಸರು ಹಿಡಿದು ಕರೆಯಲಿಲ್ಲ.

ಜೂನ್ 19, ಸೋಮವಾರ, ‘ಸ್ಟೆಡ್‌ಫಾಸ್ಟ್’, ಸ್ಪಿಟ್‌ಹೆಡ್

ಕೊನೆಗೂ ನನ್ನ ಹಡಗು, ನನ್ನ ಕೋಣೆ, ನನ್ನ ಮೇಜು. ಹನ್ನೊಂದು ವರ್ಷದ ಸೆರೆ ಮುಗಿಯಿತು.

ಬೆಳಿಗ್ಗೆ ಹತ್ತಕ್ಕೆ ಮುನ್ನೂರು ಜನ ಡೆಕ್ಕಿನ ಮೇಲೆ ಸಾಲಾಗಿ ನಿಂತರು. ನೇಮಕದ ಪತ್ರವನ್ನು ತಾನೇ ಗಟ್ಟಿಯಾಗಿ ಓದಿ ಹೇಳುವವರೆಗೆ ಯಾವ ಕ್ಯಾಪ್ಟನ್ನನೂ ಕ್ಯಾಪ್ಟನ್ ಅಲ್ಲ. ಬಿಚ್ಚಿ ಓದತೊಡಗಿದೆ. ‘ನೌಕಾ ಮಂಡಳಿಯ ಅಧಿಕಾರದಿಂದ…’ ದನಿ ಚೆನ್ನಾಗಿಯೇ ಹೊರಟಿತು, ಮುಂಭಾಗದವರೆಗೂ ಕೇಳಿಸುತ್ತಿತ್ತು. ಮೊದಲ ಸಾಲಿನ ಕೊನೆಗೆ ಹೆಸರು ಬರುತ್ತದೆ. ಅಲ್ಲಿ ನಿಂತೆ. ಕೆಮ್ಮಿ ಮತ್ತೆ ಶುರುಮಾಡಿದೆ. ಮತ್ತೆ ಅಲ್ಲೇ ನಿಂತೆ. ಬಾಯಿ ತೆರೆದರೆ ಹೆಸರು ಹೊರಡಲೇ ಇಲ್ಲ. ಮುನ್ನೂರು ಜನ ಟೋಪಿ ಕೈಯಲ್ಲಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಎಷ್ಟು ಹೊತ್ತೋ ತಿಳಿಯದು.

ವಿಯರ್ ಮುಂದೆ ಬಂದು, “ಕೊಡಿ ಸರ್,” ಎಂದು ಮೆಲ್ಲಗೆ ಪತ್ರವನ್ನು ತೆಗೆದುಕೊಂಡ. “ಪಾಸ್ಕೋ ಟ್ರೆಲೀವನ್,” ಎಂದು ಸ್ಪಷ್ಟವಾಗಿ, ಹಾಜರಿ ಕರೆಯುವವನಂತೆ ಓದಿದ. ಕೊನೆಯವರೆಗೂ ಅವನೇ ಓದಿ ಮುಗಿಸಿದ. ಪತ್ರವನ್ನು ಮಡಚಿ ನನ್ನ ಕೈಗಿಟ್ಟ, ಮುಖ ನೋಡಲಿಲ್ಲ.

ಗಾಳಿ ಜೋರಾಗಿತ್ತು. ಬಾಯಿ ತೆರೆದರೆ ಒಳಗೆ ನುಗ್ಗುವಂಥ ಗಾಳಿ, ಅದಕ್ಕೆ ಯಾರೇನು ಮಾಡಲಾಗುತ್ತದೆ? ಊಟದ ಹೊತ್ತಿನಲ್ಲಿ ಅಧಿಕಾರಿಗಳಿಗೂ ಅದನ್ನೇ ಹೇಳಿದೆ. ಹೌದು ಸರ್, ಎಂದರು ಎಲ್ಲರೂ.

ಸಂಜೆ ಸಹಿಗೆಂದು ಹಡಗಿನ ಲಾಗ್ ಪುಸ್ತಕ ತಂದರು. ಬೆಳಗಿನ ಹತ್ತು ಗಂಟೆಯ ಎದುರು ಸೇಲಿಂಗ್ ಮಾಸ್ಟರ್ ‘ಗಾಳಿ ಇಲ್ಲ, ಸಮುದ್ರ ಶಾಂತ’ ಎಂದು ಬರೆದಿದ್ದ. ತಿದ್ದಿಸಿದೆ.